ಕಾಫಿಯ ಬೆಟ್ಟಗಳಲ್ಲಿ ಕಾಲ್ಚೆಂಡಿನ ವಿಚಾರ

ಬಯಲುಸೀಮೆಯಿಂದ ಮಲೆನಾಡಿಗೆ ಹೋಗುವವನಿಗೆ ಎಲ್ಲೆಯನ್ನು ತೋರಿಸುವ ಕಲ್ಲು ಬೇಕಾಗಿಲ್ಲ. ಕಡೂರಿನಿಂದ ಹೊರಟು ಸಖರಾಯಪಟ್ಟಣವನ್ನು ದಾಟುವಾಗ, ತೆಂಗಿನ ತೋಟಗಳನ್ನೂ ರಾಗಿಯ ಹೊಲಗಳನ್ನೂ ನೋಡುತ್ತಿದ್ದ ಕಣ್ಣಿಗೆ ದೂರದಲ್ಲಿ ನೀಲವಾದ ಒಂದು ರೇಖೆ ಗೋಚರಿಸುವುದು. ಅದೇ ರೇಖೆಯು ಬರಬರುತ್ತ ಹಸುರಾಗಿ, ಚಿಕ್ಕಮಗಳೂರನ್ನು ಸೇರುವ ಹೊತ್ತಿಗೆ ಚಂದ್ರದ್ರೋಣ ಪರ್ವತವಾಗಿ ಎದುರಿಗೆ ನಿಲ್ಲುವುದು. ಸುಮಾರು 1,930 ಮೀಟರು ಎತ್ತರವುಳ್ಳ ಮುಳ್ಳಯ್ಯನಗಿರಿಯು ಈ ಶ್ರೇಣಿಯಲ್ಲಿಯೇ ಇದ್ದು, ನಮ್ಮ ನಾಡಿನ ಶಿಖರಗಳಲ್ಲೆಲ್ಲ ಉನ್ನತವಾದುದೆಂಬ ಹೆಸರನ್ನು ಪಡೆದಿರುವುದು. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಅರಬ್ಬೀ ದೇಶದಿಂದ ಏಳು ಕಾಫಿಬೀಜಗಳನ್ನು ತಂದು ಇಲ್ಲಿಯ ಇಳಿಜಾರಿನಲ್ಲಿ ನೆಟ್ಟರೆಂಬ ಐತಿಹ್ಯವನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಆ ಏಳು ಬೀಜಗಳ ಸಂತತಿಯು ಇಂದು ಬೆಟ್ಟದಿಂದ ಬೆಟ್ಟಕ್ಕೆ ಹಬ್ಬಿ, ಸಹಸ್ರಾರು ಸಂಸಾರಗಳಿಗೆ ಅನ್ನವನ್ನು ಕೊಡುತ್ತಿದೆ.

ಈ ಬೆಟ್ಟಗಳಲ್ಲಿ ಒಂದು ಆಂಗ್ಲಶಬ್ದವು ಅಕ್ಕಿಬೇಳೆಗಳಷ್ಟೇ ನಿತ್ಯದ ಬಳಕೆಯದಾಗಿದೆ. ಅದು ‘ಮ್ಯಾನೇಜರು’ ಎಂಬುದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷ್ ದೊರೆಗಳು ಕಾಡನ್ನು ಕಡಿದು ದೊಡ್ಡ ತೋಟಗಳನ್ನು ಮಾಡಿದಾಗ ಬಂದ ಶಬ್ದವು, ದೊರೆಗಳು ಹೋದಮೇಲೂ ಇಲ್ಲಿಯೇ ಉಳಿಯಿತು. ತೋಟಕ್ಕೆ ಯಜಮಾನನೊಬ್ಬನು; ಅವನ ಕೈಕೆಳಗೆ ಮ್ಯಾನೇಜರು; ಅವನಿಗೆ ಲೆಕ್ಕ ಒಪ್ಪಿಸಲು ರೈಟರು; ಆಳುಗಳನ್ನು ಕೂಡಿಸಲು ಮೇಸ್ತ್ರಿ; ಇವರೆಲ್ಲರ ಅನ್ನಕ್ಕೂ ಆಧಾರವಾಗಿ ಲೈನುಮನೆಗಳಲ್ಲಿ ವಾಸಿಸುವ ಕೆಲಸದವರು. ಇಂತಹ ವ್ಯವಸ್ಥೆಯಲ್ಲಿ ಬೆಳೆದ ಜನರು ಮ್ಯಾನೇಜರೊಬ್ಬನ ಗುಣದೋಷಗಳನ್ನು ತೂಗಿ ನೋಡುವುದರಲ್ಲಿ ನಿಪುಣರಾಗಿರುವುದು ಸಹಜವೇ ಆಗಿದೆ. ಆ ನೈಪುಣ್ಯವು ಈಚೆಗೆ ಕಾಲ್ಚೆಂಡಿನ ಆಟದ ವಿಷಯದಲ್ಲಿಯೂ ಪ್ರಯೋಗವಾಗುತ್ತಿರುವುದನ್ನು ಕಂಡು ನನಗೆ ಬಹಳ ಸಂತೋಷವಾಯಿತು. ಅದನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತಿರುವೆನು.

ವಿಶ್ವಾವಸು ಸಂವತ್ಸರದ ಚೈತ್ರಮಾಸದಲ್ಲಿ, ಎಂದರೆ 2025ರ ಏಪ್ರಿಲಿನಲ್ಲಿ, ಕಳಸದ ಸಮೀಪದ ತೋಟವೊಂದರ ಯಜಮಾನನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕರೆದನೆಂದು ಪ್ರಯಾಣ ಹೊರಟೆನು. ಚಿಕ್ಕಮಗಳೂರಿನಿಂದ ಆಲ್ದೂರಿನ ಮಾರ್ಗವಾಗಿ ಮೂಡಿಗೆರೆಗೆ ಹೋಗುವ ಬಸ್ಸಿನಲ್ಲಿ ನನ್ನ ಹಿಂದಿನ ಆಸನದಲ್ಲಿ ಮೂವರು ತರುಣರು ಕುಳಿತು ಯಾವನೋ ಒಬ್ಬ ಮ್ಯಾನೇಜರನ ವಿಷಯವನ್ನು ಬಿರುಸಾಗಿ ಚರ್ಚಿಸುತ್ತಿದ್ದರು. ಅವನು ಹೊಸಬರನ್ನು ತಂದದ್ದು ಸರಿಯೆಂದು ಒಬ್ಬನು, ಹಳಬರನ್ನು ಬಿಟ್ಟದ್ದು ತಪ್ಪೆಂದು ಇನ್ನೊಬ್ಬನು, ಸಿಟ್ಟು ಕಡಿಮೆಯಾಗಬೇಕೆಂದು ಮೂರನೆಯವನು. ಪಕ್ಕದಲ್ಲಿ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ ವೃದ್ಧೆಯೊಬ್ಬಳು ಬಹಳ ಹೊತ್ತು ಕಿವಿಗೊಟ್ಟು ಕೇಳಿ, “ಯಾವ ತೋಟದ ಮ್ಯಾನೇಜರಪ್ಪಾ ಅದು?” ಎಂದಳು. ತರುಣರು ನಕ್ಕು, “ತೋಟದ್ದಲ್ಲ ಅಜ್ಜಿ, ಬೆಂಗಳೂರು ಫುಟ್‌ಬಾಲ್ ಟೀಮಿಂದು” ಎಂದರು. ವೃದ್ಧೆಯು ಸ್ವಲ್ಪವೂ ಅಪ್ರತಿಭಳಾಗದೆ, “ಯಾವುದಾದರೂ ಆಗಲಿ. ಒಳ್ಳೇ ಜನ ತರ್ತಾನಾ? ಬಾಯಿ ಹೇಗೆ?” ಎಂದು ಕೇಳಿದಳು.

ಈ ಎರಡು ಪ್ರಶ್ನೆಗಳಲ್ಲಿ ಒಂದು ಶಾಸ್ತ್ರವೇ ಅಡಗಿರುವುದೆಂದು ನನಗೆ ತೋರಿತು. ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಉಪಧೆಗಳಿಂದ ಪರೀಕ್ಷಿಸಬೇಕೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವಿಧಿಸಿರುವನು. ಆ ವೃದ್ಧೆಯು ನಾಲ್ಕನ್ನು ಎರಡಕ್ಕೆ ಇಳಿಸಿದ್ದಳು: ಯಾರನ್ನು ಕರೆತರುವನು, ಮತ್ತು ನಾಲಗೆಯನ್ನು ಹೇಗೆ ಹಿಡಿಯುವನು.

ಆಟದ ಪರಿಚಯವಿಲ್ಲದ ವಾಚಕರಿಗಾಗಿ ಒಂದೆರಡು ಮಾತುಗಳನ್ನು ಹೇಳುವುದು ಅವಶ್ಯ. ಕಾಲ್ಚೆಂಡಿನ ತಂಡದಲ್ಲಿ ಕಣಕ್ಕಿಳಿಯುವವರು ಹನ್ನೊಂದು ಜನ. ಆದರೆ ಅವರನ್ನು ಅಣಿಗೊಳಿಸುವವನು ಕಣದ ಹೊರಗೆ, ಗೆರೆಯ ಅಂಚಿನಲ್ಲಿ ನಿಂತಿರುವನು. ಅವನನ್ನು ಕೆಲವರು ತರಬೇತುದಾರನೆನ್ನುವರು, ಕೆಲವರು ಮ್ಯಾನೇಜರೆನ್ನುವರು. ಆಟಗಾರರನ್ನು ಇಷ್ಟು ವರ್ಷಗಳಿಗೆಂದು ಕರಾರು ಬರೆಸಿ ಕಟ್ಟಿಕೊಳ್ಳುವರು. ಅವಧಿ ಮುಗಿದ ಆಟಗಾರನು ಬೇರೆ ತಂಡಕ್ಕೆ ಹೋಗಬಹುದು. ಈ ಆಯ್ಕೆಯಲ್ಲಿ ಒಡೆಯರ ಕೈಯೂ ಇರುವುದಾದರೂ, ಸೋತಾಗ ಅಪವಾದವೆಲ್ಲವೂ ಮ್ಯಾನೇಜರನ ತಲೆಗೇ ಬರುವುದು. ಬೆಳೆ ಕಡಿಮೆಯಾದ ವರ್ಷ ತೋಟದಲ್ಲಿಯೂ ಹೀಗೆಯೇ ಅಲ್ಲವೆ?

ನಮ್ಮ ಸೀಮೆಗೆ ಈ ಆಟವು ಹೊಸದೆಂದು ಯಾರೂ ಭಾವಿಸಬಾರದು. 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದವರು ‘ಬೆಂಗಳೂರು ಮುಸ್ಲಿಮ್ಸ್’ ಎಂಬ ತಂಡದವರು. ಪ್ರಾಂತಗಳ ನಡುವಣ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡವು 1946-47ರಲ್ಲಿ ಗೆದ್ದಿತು. 1952-53, 1967-68, 1968-69ರಲ್ಲಿ ಪುನಃ ಗೆದ್ದಿತು. ಆಮೇಲೆ ಐವತ್ತನಾಲ್ಕು ವರ್ಷ ಕಾದು, 2023ರ ಮಾರ್ಚಿಯಲ್ಲಿ ಸೌದಿ ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, ಕರ್ನಾಟಕವೆಂಬ ಹೆಸರಿನಲ್ಲಿ ಮೊದಲ ಬಾರಿಗೆ ಅದನ್ನು ಪಡೆಯಿತು. ಬಸ್ಸಿನ ತರುಣರು ಚರ್ಚಿಸುತ್ತಿದ್ದ ಬೆಂಗಳೂರು ಎಫ್.ಸಿ. ತಂಡವು ಇವೆಲ್ಲಕ್ಕಿಂತ ಕಿರಿದು, 2013ರಲ್ಲಿ ಹುಟ್ಟಿದ್ದು. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದದ್ದೂ ಅದೇ ವರ್ಷ. ಕಂಠೀರವ ಕ್ರೀಡಾಂಗಣದ ಪಶ್ಚಿಮದ ಅಟ್ಟಣೆಯಲ್ಲಿ ನೀಲಿವಸ್ತ್ರ ಧರಿಸಿ, ಪಂದ್ಯ ಮುಗಿಯುವವರೆಗೂ ನಿಂತೇ ಹಾಡುವ ಅಭಿಮಾನಿಗಳಿಗೆ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಹೆಸರು. ಬೆಟ್ಟಗಳಲ್ಲಿರುವ ಅಭಿಮಾನಿಗಳಿಗೆ ಆ ಭಾಗ್ಯವು ವರ್ಷಕ್ಕೊಂದೆರಡು ಸಲ ಮಾತ್ರ. ಉಳಿದ ದಿನಗಳಲ್ಲಿ ಮೊಬೈಲಿನ ಪರದೆಯೇ ಗತಿ, ಅದೂ ಕಣಿವೆಯಲ್ಲಿ ಸಂಕೇತವು ಸಿಕ್ಕಿದರೆ.

ಮೂಡಿಗೆರೆಯಲ್ಲಿ ಇಳಿದು ಆ ತರುಣರ ಜೊತೆಗೇ ಹೋಟೆಲೊಂದರಲ್ಲಿ ಕಾಫಿಗೆ ಕುಳಿತೆನು. ಒಬ್ಬನು ತೋಟಗಾರಿಕೆಯ ಕಾಲೇಜಿನ ವಿದ್ಯಾರ್ಥಿ, ಒಬ್ಬನು ಜೀಪು ನಡೆಸುವವನು, ಮೂರನೆಯವನು ತೋಟವೊಂದರ ರೈಟರು. ಮೇಷ್ಟರಿಗೆ ಆಟದಲ್ಲಿ ಆಸಕ್ತಿಯಿದೆಯೆಂದು ತಿಳಿದ ಕೂಡಲೆ ಅವರು ತಂಡದ ಮ್ಯಾನೇಜರುಗಳ ವಂಶಾವಳಿಯನ್ನೇ ಬಿಚ್ಚಿದರು.

ಮೊದಲನೆಯವನು ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ದೇಹದಾರ್ಢ್ಯ ಮತ್ತು ಶಿಸ್ತುಗಳ ವಿಷಯದಲ್ಲಿ ಕಟ್ಟುನಿಟ್ಟಿನವನೆಂದು ಅವನಿಗೆ ಪ್ರಸಿದ್ಧಿ. ಅವನ ಕಾಲದಲ್ಲಿಯೇ ಸುನಿಲ್ ಛೇತ್ರಿಯು ತಂಡಕ್ಕೆ ನಾಯಕನಾಗಿ ಬಂದನು. ಹುಟ್ಟಿದ ವರ್ಷದಲ್ಲಿಯೇ, 2013-14ರಲ್ಲಿ, ತಂಡವು ಐ-ಲೀಗನ್ನು ಗೆದ್ದಿತು. ಮರುವರ್ಷದ ಕೊನೆಯ ಪಂದ್ಯದಲ್ಲಿ, 2015ರ ಮೇ 31ರಂದು, ಕಂಠೀರವದಲ್ಲಿಯೇ ಮೋಹನ್ ಬಾಗಾನ್ ತಂಡವು ಕಡೆಯ ನಿಮಿಷಗಳಲ್ಲಿ ಗೋಲು ಹೊಡೆದು ಸಮ ಮಾಡಿಕೊಂಡು ಪದವಿಯನ್ನು ಒಯ್ದಿತು. ಆದರೂ ಒಡೆಯರು ಅವನನ್ನು ಬಿಡಲಿಲ್ಲ. 2015-16ರಲ್ಲಿ ಅವನು ಪದವಿಯನ್ನು ಪುನಃ ಗೆದ್ದುಕೊಟ್ಟು ಹೊರಟುಹೋದನು.

ಎರಡನೆಯವನು ಸ್ಪೇನಿನ ಆಲ್ಬರ್ಟ್ ರೋಕಾ. 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ಏರಿದ ಮೊದಲ ಭಾರತೀಯ ತಂಡವೆಂಬ ಕೀರ್ತಿಯು ಅವನ ಕಾಲದ್ದು. ಮಿಕು, ದಿಮಾಸ್ ದೆಲ್ಗಾದೊ, ಹುವಾನನ್, ಎರಿಕ್ ಪಾರ್ಟಾಲು ಎಂಬ ಪರದೇಶದ ಆಟಗಾರರು ಬಂದು ಸೇರಿದ್ದೂ ಆಗಲೇ. ಆದರೆ ಐ.ಎಸ್.ಎಲ್. ಕಪ್ಪಿನ ಅಂತಿಮ ಪಂದ್ಯವನ್ನು 2018ರಲ್ಲಿ ಸ್ವಂತ ನೆಲದಲ್ಲಿಯೇ ಚೆನ್ನೈ ತಂಡಕ್ಕೆ 3-2ರಿಂದ ಬಿಟ್ಟುಕೊಡಬೇಕಾಯಿತು. ರೋಕಾ ಹೋದನು, ಅವನ ಸಹಾಯಕನಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಬಂದನು. ಮರುವರ್ಷ, 2019ರ ಮಾರ್ಚಿ 17ರಂದು ಮುಂಬಯಿಯಲ್ಲಿ, ಹೆಚ್ಚುವರಿ ಕಾಲದ 117ನೆಯ ನಿಮಿಷದಲ್ಲಿ ರಾಹುಲ್ ಭೇಕೆಯ ಗೋಲಿನಿಂದ ಗೋವಾ ತಂಡವು ಸೋತು ಕಪ್ಪು ಬೆಂಗಳೂರಿಗೆ ಬಂದಿತು.

“ಆ ಕಪ್ಪು ಯಾರದು ಮೇಷ್ಟ್ರೇ? ಕ್ವಾದ್ರಾತನದೋ, ರೋಕಾನದೋ?” ಎಂದು ರೈಟರು ಕೇಳಿದನು. ರೋಕಾ ಆರಿಸಿದ ಆ ನಾಲ್ವರು ಪರದೇಶಿಗಳೂ, ವೆಸ್ಟ್‌ವುಡ್ಡನ ಕಾಲದಿಂದ ಇದ್ದ ಛೇತ್ರಿಯೂ, ಕ್ವಾದ್ರಾತನ ಬಳಗದಲ್ಲಿದ್ದರು. ನಾನು ಉತ್ತರ ಹೇಳುವ ಮೊದಲೇ ಜೀಪಿನವನು, “ನೆಟ್ಟವರು ಯಾರೋ, ಕೊಯ್ದವರು ಯಾರೋ” ಎಂದನು. ಆ ಮಾತನ್ನು ನಾನು ಮನಸ್ಸಿನಲ್ಲಿ ಗಂಟುಹಾಕಿಕೊಂಡೆನು.

ಕ್ವಾದ್ರಾತನು ಸಾಲುಸೋಲುಗಳಾದ ಮೇಲೆ 2021ರ ಜನವರಿಯಲ್ಲಿ ಹೊರಟನು. ಆಮೇಲೆ ಜರ್ಮನಿಯ ಮಾರ್ಕೊ ಪೆಝಾಯೊಲಿ ಒಂದು ಋತು ಇದ್ದನು. 2022ರಲ್ಲಿ ಇಂಗ್ಲೆಂಡಿನ ಸೈಮನ್ ಗ್ರೇಸನ್ ಬಂದನು. ಆ ವರ್ಷ ರಾಯ್ ಕೃಷ್ಣ, ಹಾವಿ ಹೆರ್ನಾಂಡೆಜ್, ಸಂದೇಶ್ ಝಿಂಗನ್ ಮೊದಲಾದ ಹೆಸರುವಾಸಿಗಳು ತಂಡಕ್ಕೆ ಬಂದರು. ಇದು ಬೆಳೆದ ಮರವನ್ನೇ ಬೇರುಸಹಿತ ತಂದು ನೆಡುವ ಕ್ರಮ. ಫಲವೂ ಬೇಗನೆ ಸಿಕ್ಕಿತು: ಸೆಪ್ಟೆಂಬರಿನಲ್ಲಿ ಡ್ಯುರಾಂಡ್ ಕಪ್ಪು ಬಂದಿತು. ಬಳಿಕ ಲೀಗಿನಲ್ಲಿ ಸೋಲಿನ ಮೇಲೆ ಸೋಲು. ಅದಾದ ಮೇಲೆ ಒಂದರ ಹಿಂದೆ ಒಂದಾಗಿ ಎಂಟು ಗೆಲುವು. ಕೊನೆಗೆ ಅಂತಿಮ ಪಂದ್ಯದಲ್ಲಿ ಪೆನಾಲ್ಟಿಗಳಿಂದ ಪರಾಜಯ. ಮುಂದಿನ ಋತುವಿಗೆ ಕೃಷ್ಣನೂ ಝಿಂಗನನೂ ಉಳಿಯಲಿಲ್ಲ. ಮೊದಲ ಒಂಬತ್ತು ಪಂದ್ಯಗಳಲ್ಲಿ ಒಂದೇ ಗೆಲುವಾಗಲು, 2023ರ ಡಿಸೆಂಬರಿನಲ್ಲಿ ಗ್ರೇಸನನಿಗೂ ಬೀಳ್ಕೊಡುಗೆಯಾಯಿತು. ಅವನ ಸ್ಥಾನಕ್ಕೆ ಬಂದವನೇ ಸ್ಪೇನಿನ ಜೆರಾರ್ಡ್ ಝರಗೋಝಾ. ಬಸ್ಸಿನಲ್ಲಿ ಚರ್ಚೆಗೆ ಒಳಗಾಗಿದ್ದವನು ಇವನೇ. ಆ ಋತುವಿನಲ್ಲಿ ತಂಡವು ಹನ್ನೆರಡರಲ್ಲಿ ಹತ್ತನೆಯದಾಯಿತು. ಆದರೂ ಒಡೆಯರು ಅವನನ್ನು ಇರಿಸಿಕೊಂಡರು. 2024-25ರಲ್ಲಿ ತಂಡವು ಹದಿಮೂರರಲ್ಲಿ ಮೂರನೆಯದಾಗಿ, ಗೋವಾ ತಂಡವನ್ನು ದಾಟಿ, ಏಪ್ರಿಲ್ 12ರ ಅಂತಿಮ ಪಂದ್ಯಕ್ಕೆ ಏರಿತು. ನಾನು ಮೂಡಿಗೆರೆಯಲ್ಲಿ ಕುಳಿತದ್ದು ಅದರ ಹಿಂದಿನ ದಿನ.

ಮರುದಿನ ಬಣಕಲ್, ಕೊಟ್ಟಿಗೆಹಾರಗಳ ಮಾರ್ಗವಾಗಿ ಕಳಸಕ್ಕೆ ಹೊರಟೆನು. ಕೊಟ್ಟಿಗೆಹಾರದಲ್ಲಿ ಒಂದು ದಾರಿಯು ಚಾರ್ಮಾಡಿಯ ಘಟ್ಟವನ್ನಿಳಿದು ಕರಾವಳಿಗೆ ಹೋಗುವುದು. ಇನ್ನೊಂದು ಕಳಸದ ಕಡೆಗೆ ತಿರುಗುವುದು. ಈ ಎರಡನೆಯ ದಾರಿಯ ಸೊಬಗನ್ನು ವರ್ಣಿಸುವುದು ಕಷ್ಟ. ಒಂದು ತಿರುವಿನಲ್ಲಿ ಕಾಫಿಯ ಗಾಢವಾದ ಹಸುರು, ಇನ್ನೊಂದರಲ್ಲಿ ಕೆಳಗೂರಿನ ಕಡೆಯ ಚಹಾತೋಟಗಳ ತಿಳಿಹಸುರು. ಎಲ್ಲಕ್ಕೂ ಮೇಲೆ ಬರಿಯ ಹುಲ್ಲಿನ ಬೋಳುಗುಡ್ಡಗಳು. ಗುಡ್ಡಗಳ ಮಡಿಕೆಗಳಲ್ಲಿ ಮಾತ್ರ ಶೋಲೆಯ ಕಾಡು. ನಡುನಡುವೆ, ತಡವಾಗಿ ಹೂಮಳೆಯನ್ನು ಪಡೆದ ತಾಕುಗಳಲ್ಲಿ, ಗಿಡಗಳ ಗೆಣ್ಣುಗಳಲ್ಲಿ ಬಿಳಿಯ ಹೂಗಳು ದಂಡೆ ಕಟ್ಟಿದಂತೆ ಕುಳಿತಿದ್ದವು. ಮಲ್ಲಿಗೆಯನ್ನು ಹೋಲುವ ಅವುಗಳ ಪರಿಮಳವು ಬಸ್ಸಿನ ಒಳಗೂ ಬರುತ್ತಿತ್ತು.

ಈ ದಾರಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದವನು ನರಸಿಂಹರಾಜಪುರದ ಕಡೆಯ ಮಲೆಯಾಳಿ ಮನೆತನದ ಒಬ್ಬ ಮೆಣಸಿನ ವ್ಯಾಪಾರಿ. ಆ ಕಡೆ ಕೇರಳದಿಂದ ಬಂದು ನೆಲೆಸಿದ ಕುಟುಂಬಗಳು ಬಹಳ. ಇವನು ಕೇರಳ ಬ್ಲಾಸ್ಟರ್ಸ್ ತಂಡದ ಅಭಿಮಾನಿ. ಸ್ವಭಾವದ ಮಾತು ಬಂದೊಡನೆ ಅವನು 2023ರ ಮಾರ್ಚಿ 3ನೆಯ ರಾತ್ರಿಯನ್ನು ನೆನೆದನು. ಅಂದು ಕಂಠೀರವದಲ್ಲಿ ಎರಡು ತಂಡಗಳೂ ಗೋಲಿಲ್ಲದೆ ಹೆಚ್ಚುವರಿ ಕಾಲಕ್ಕೆ ಬಂದಿದ್ದವು. 96ನೆಯ ನಿಮಿಷದಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಇನ್ನೂ ಗೋಡೆ ಕಟ್ಟುತ್ತಿರುವಾಗಲೇ ಛೇತ್ರಿಯು ಚೆಂಡನ್ನು ಒದ್ದು ಗೋಲು ಮಾಡಿದನು. ತೀರ್ಪುಗಾರನು ಅದನ್ನು ಒಪ್ಪಿದನು. ಕೇರಳದ ಮ್ಯಾನೇಜರು ಇವಾನ್ ವುಕೊಮನೋವಿಚ್ ಕುಪಿತನಾಗಿ ತನ್ನ ಆಟಗಾರರನ್ನೆಲ್ಲ ಕಣದಿಂದ ಹೊರಕ್ಕೆ ಕರೆದುಕೊಂಡನು. ಪಂದ್ಯವು ಬೆಂಗಳೂರಿನ ಪಾಲಾಯಿತು. ಕೇರಳ ತಂಡಕ್ಕೆ 4 ಕೋಟಿ ರೂಪಾಯಿ ದಂಡವೂ, ಮ್ಯಾನೇಜರಿಗೆ 10 ಪಂದ್ಯಗಳ ನಿಷೇಧವೂ ವಿಧಿಸಲ್ಪಟ್ಟವು.

“ನಮ್ಮವರಿಗಾಗಿ ನಿಂತ ಮ್ಯಾನೇಜರು ಅವನು, ಅಂದು ನಮಗೆಲ್ಲ ಅವನು ದೇವರ ಹಾಗೆ ಕಂಡ” ಎಂದನು ವ್ಯಾಪಾರಿ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೆ ಇನ್ನೂ ಇಪ್ಪತ್ತನಾಲ್ಕು ನಿಮಿಷ ಉಳಿದಿತ್ತು ಸಾರ್” ಎಂದನು. ಅಭಿಮಾನಿಯೊಬ್ಬನ ಬಾಯಿಂದ ಇದಕ್ಕಿಂತ ನ್ಯಾಯವಾದ ವಿಮರ್ಶೆಯನ್ನು ನಾನು ಕೇಳಿಲ್ಲ. ಕೋಪವು ತನ್ನವರ ಮೇಲಿನ ಪ್ರೀತಿಯಿಂದ ಹುಟ್ಟಿರಬಹುದು. ಎದುರಾಳಿಯು ನಡೆದುಕೊಂಡದ್ದು ಸರಿಯೋ ತಪ್ಪೋ ಎಂಬ ವಾದವೂ ಎಂದಿಗೂ ಮುಗಿಯದೆ ಇರಬಹುದು. ಆದರೆ ಉಳಿದಿದ್ದ ಕಾಲವನ್ನು ಕಳೆದುಕೊಂಡವರು ಆ ಹನ್ನೊಂದು ಜನ ಆಟಗಾರರೇ ಹೊರತು ಬೇರೆ ಯಾರೂ ಅಲ್ಲ.

ಸಾಯಂಕಾಲಕ್ಕೆ ಕಳಸವನ್ನು ಸೇರಿ, ಭದ್ರಾನದಿಯ ದಡದಲ್ಲಿ ಸ್ವಲ್ಪ ಹೊತ್ತು ಕುಳಿತು, ಕಳಸೇಶ್ವರನ ದರ್ಶನ ಮಾಡಿಕೊಂಡು ಶಿಷ್ಯನ ತೋಟಕ್ಕೆ ಹೋದೆನು. ಅಂದು ಚೈತ್ರ ಶುದ್ಧ ಪೂರ್ಣಿಮೆ. ಚಂದ್ರನು ಸಿಲ್ವರ್ ಮರಗಳ ನಡುವೆ ಮೇಲೇರುತ್ತಿರುವಾಗ ಮನೆಯ ಅಂಗಳದಲ್ಲಿ ಮೂವತ್ತು ನಲವತ್ತು ಜನ ಕೂಡಿದ್ದರು. ಶಿಷ್ಯನು ದೂರದರ್ಶನದ ಪೆಟ್ಟಿಗೆಯನ್ನು ಹೊರಗಿನ ಜಗಲಿಗೆ ತರಿಸಿದ್ದನು. ಲೈನುಮನೆಗಳ ಜನರೂ ಬಂದಿದ್ದರು. ಅವರಲ್ಲಿ ಈಚಿನ ವರ್ಷಗಳಲ್ಲಿ ಈ ಬೆಟ್ಟಗಳಿಗೆ ಕೆಲಸಕ್ಕೆ ಬರುತ್ತಿರುವ ಅಸ್ಸಾಮಿನವರೂ ಕೆಲವರಿದ್ದರು. ಆಟವನ್ನು ಬಾಲ್ಯದಿಂದ ಬಲ್ಲ ಅವರು ಬೇರೆಯವರಿಗಿಂತ ಮೊದಲೇ ಪಾಸಿನ ಗತಿಯನ್ನು ಗ್ರಹಿಸಿ ಕೂಗುತ್ತಿದ್ದರು. ತೋಟದ ಮ್ಯಾನೇಜರು ಹಿಂದೆ ಕಂಬಕ್ಕೆ ಒರಗಿ ನಿಂತಿದ್ದರು. ಐವತ್ತರ ಆಸುಪಾಸಿನ, ಮಿತಭಾಷಿಯಾದ ಮನುಷ್ಯರು.

ಆಟ ಪ್ರಾರಂಭವಾಗುವ ಮೊದಲು ಶಿಷ್ಯನು ನನ್ನನ್ನು ಒಳಗೆ ಕರೆದು, “ಮೇಷ್ಟ್ರೇ, ನಿಮ್ಮ ಹತ್ತಿರ ಒಂದು ಮಾತು ಕೇಳಬೇಕು” ಎಂದನು. ಮ್ಯಾನೇಜರು ಬಂದು ಎರಡು ವರ್ಷವಾಗಿತ್ತು. ಎರಡು ವರ್ಷವೂ ಬೆಳೆ ಕಡಿಮೆಯಾಗಿತ್ತು. ಮೇ ತಿಂಗಳಲ್ಲಿ ಅವರನ್ನು ಬಿಡಿಸಿ ಬೇರೊಬ್ಬರನ್ನು ತರಬೇಕೆಂದು ಅಣ್ಣತಮ್ಮಂದಿರು ಒತ್ತಾಯಿಸುತ್ತಿದ್ದರು. “ಗಿಡ ಕೀಳಿಸಿಬಿಟ್ಟರು ಅಂತ ಅವರ ದೂರು” ಎಂದನು. ಕೀಳಿಸಿದ್ದೇಕೆಂದು ಕೇಳಿದೆನು. ಅರೇಬಿಕಾ ಗಿಡಗಳಿಗೆ ಕಾಂಡಕೊರಕವೆಂಬ ಹುಳು ಬಿದ್ದಿತ್ತು. ಹುಳು ಹೊಕ್ಕ ಗಿಡವನ್ನು ಬುಡಸಹಿತ ಕಿತ್ತು ಸುಡದಿದ್ದರೆ ಅದು ನೆರೆಯ ಗಿಡಕ್ಕೆ ಹರಡುವುದು. ಮರಗಸಿಯು ಅತಿಯಾಗಿ ನೆರಳು ತೆಳುವಾದ ತಾಕಿನಲ್ಲಿ ಅದರ ಉಪದ್ರವ ಇನ್ನೂ ಹೆಚ್ಚು. ಮ್ಯಾನೇಜರು ರೋಗದ ಗಿಡಗಳನ್ನು ಕೀಳಿಸಿ, ನೆರಳಿಗೆ ಹೊಸ ಮರಗಳನ್ನು ನೆಡಿಸಿ, ಬಾಳೆಹೊನ್ನೂರಿನ ಸಮೀಪದಲ್ಲಿ 1925ರಿಂದ ಇರುವ ಕಾಫಿ ಸಂಶೋಧನಾ ಕೇಂದ್ರದ ಬೀಜಗಳಿಂದ ಸಸಿಗಳನ್ನು ಮಾಡಿಸಿ ನೆಡಿಸಿದ್ದರು. ಅರೇಬಿಕಾ ಸಸಿಯು ಮೊದಲ ಫಸಲು ಕೊಡಲು ಮೂರು ನಾಲ್ಕು ವರ್ಷಗಳು ಬೇಕು. ಎರಡನೆಯ ವರ್ಷದಲ್ಲಿ ಲೆಕ್ಕ ತೆಗೆದರೆ ಕಿತ್ತ ಗಿಡಗಳ ನಷ್ಟವು ಕಾಣುವುದೇ ಹೊರತು ನೆಟ್ಟ ಗಿಡಗಳ ಲಾಭವು ಕಾಣದು.

ನಾನು ಆ ಕ್ಷಣ ಏನನ್ನೂ ಹೇಳಲಿಲ್ಲ. ಹೊರಗೆ ಕೂಗು ಕೇಳಿ ಇಬ್ಬರೂ ಜಗಲಿಗೆ ಬಂದೆವು.

ಪಂದ್ಯವು ಕಲ್ಕತ್ತೆಯಲ್ಲಿ, ಮೋಹನ್ ಬಾಗಾನ್ ತಂಡದ ಸ್ವಂತ ನೆಲದಲ್ಲಿ. ದ್ವಿತೀಯಾರ್ಧದ ಆರಂಭದಲ್ಲಿ ಎದುರಾಳಿಯೊಬ್ಬನ ಕಾಲಿಗೆ ತಗುಲಿದ ಚೆಂಡು ಅವರದೇ ಗೋಲಿಗೆ ಹೋಗಲು ಅಂಗಳವೆಲ್ಲ ಎದ್ದು ಕುಣಿಯಿತು. 72ನೆಯ ನಿಮಿಷದಲ್ಲಿ ಪೆನಾಲ್ಟಿಯಿಂದ ಜೇಸನ್ ಕಮಿಂಗ್ಸ್ ಸಮ ಮಾಡಿದನು. ಹೆಚ್ಚುವರಿ ಕಾಲದ ಆರನೆಯ ನಿಮಿಷದಲ್ಲಿ ಜೇಮಿ ಮೆಕ್ಲಾರೆನ್ ಗೆಲುವಿನ ಗೋಲು ಹೊಡೆದನು. ಬೆಂಗಳೂರು 2-1ರಿಂದ ಸೋತಿತು. ಅಂಗಳದಲ್ಲಿ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಎಲ್ಲ ಸೋಲಿನ ಬಳಿಕವೂ ನಡೆಯುವ ವಿಚಾರಣೆಯು ನಡೆಯಿತು. ಮುಂದಾಳುಗಳನ್ನು ಬೇಗ ಬದಲಿಸಬೇಕಿತ್ತೆಂದು ಕೆಲವರು. ಹೊಸ ಮ್ಯಾನೇಜರು ಬೇಕೆಂದು ಕೆಲವರು. ಆಗ ನನ್ನ ಶಿಷ್ಯನೇ ಮುಂದೆ ಬಂದು, “ಹೋದ ವರ್ಷ ಹತ್ತನೆಯವರು, ಈ ವರ್ಷ ಎರಡು ಗೋಲಿನ ದೂರದಲ್ಲಿ ಕಪ್ಪು. ಈಗ ತೆಗೀಬೇಕಾ? ಹೋದ ವರ್ಷವೇ ತೆಗೆದಿದ್ದರೆ ಇಲ್ಲಿಗೆ ಬರ್ತಾ ಇದ್ದರಾ?” ಎಂದು ವಾದಿಸಿದನು. ವಾದ ಮುಗಿಸಿದವನು ಕಂಬದ ಕಡೆ ಒಮ್ಮೆ ನೋಡಿ ಮೌನವಾದನು. ಮ್ಯಾನೇಜರು ಆಗಲೇ ಬ್ಯಾಟರಿ ಹಿಡಿದು ಲೈನಿನ ಮಕ್ಕಳನ್ನು ಮನೆ ಮುಟ್ಟಿಸಲು ಹೊರಟಿದ್ದರು.

ಮರುದಿನ ಬೆಳಿಗ್ಗೆ ಬಚ್ಚಲ ಒಲೆಗೆ ಸೌದೆ ತಂದ ಹಿರಿಯ ಕೆಲಸದವಳೊಬ್ಬಳನ್ನು ನಾನು ಬಸ್ಸಿನ ವೃದ್ಧೆಯ ಎರಡು ಪ್ರಶ್ನೆಗಳನ್ನೇ ಕೇಳಿದೆನು. ಅವಳು, “ಕೂಗೋದಿಲ್ಲ ಅಯ್ಯಾ. ಹಣ್ಣು ತೂಗುವಾಗ ತಕ್ಕಡಿ ಎದುರಿಗೇ ಇಡ್ತಾರೆ. ಮೊದಲು ಕೊಯ್ಲಿಗೆ ಬಂದ ಹೆಂಗಸರು ಮುಂದಿನ ವರ್ಷ ಬರ್ತಿರಲಿಲ್ಲ, ಈಗ ಅವರೇ ಅಕ್ಕತಂಗಿಯರನ್ನು ಕರಕೊಂಡು ಬರ್ತಾರೆ” ಎಂದಳು. ಈ ಮಾತನ್ನು ನಾನು ಹಾಗೆಯೇ ಶಿಷ್ಯನಿಗೆ ಒಪ್ಪಿಸಿದೆನು. ಜೊತೆಗೆ ಮೂಡಿಗೆರೆಯ ರೈಟರು ಕೇಳಿದ್ದ ಪ್ರಶ್ನೆಯನ್ನೂ ಹೇಳಿದೆನು. ಬೇರೆ ಉಪದೇಶವನ್ನು ಮಾಡಲಿಲ್ಲ. ನಾನು ಹೊರಡುವ ಹೊತ್ತಿಗೆ ಅವರಿಬ್ಬರೂ ಸಸಿಮಡಿಯಲ್ಲಿ ಕುಳಿತು, ಮಳೆಗಾಲಕ್ಕೆ ಎಷ್ಟು ಚೀಲದ ಸಸಿಗಳು ಬೇಕಾಗುವುವೆಂದು ಎಣಿಸುತ್ತಿದ್ದರು.

ಈ ಪ್ರವಾಸದ ಅನಂತರ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 2023ರಲ್ಲಿ, ಗ್ರೇಸನನ ಕಾಲದಲ್ಲಿ, ಆಸ್ಟ್ರೇಲಿಯದಿಂದ ಬಂದು ತಂಡವನ್ನು ಸೇರಿದವನು ರಯಾನ್ ವಿಲಿಯಮ್ಸ್. ಅದೇ ವರ್ಷದ ಕೊನೆಗೆ ಗ್ರೇಸನನು ಹೋದನು, ವಿಲಿಯಮ್ಸನು ಉಳಿದನು. ಝರಗೋಝಾನ ಕೈಕೆಳಗೆ ಅವನು ತಂಡದ ಆಧಾರಗಳಲ್ಲಿ ಒಬ್ಬನಾದನು. 2025ರ ನವೆಂಬರಿನಲ್ಲಿ, ಮುಂಬಯಿಯಲ್ಲಿ ಜನಿಸಿದ ತಾಯಿಯ ಮಗನಾದ ಅವನು ಆಸ್ಟ್ರೇಲಿಯದ ಪೌರತ್ವವನ್ನು ಬಿಟ್ಟು ಭಾರತದ ಪೌರನಾಗಿ, ರಾಷ್ಟ್ರತಂಡದ ಶಿಬಿರಕ್ಕೆ ಕರೆಯನ್ನು ಪಡೆದನು. ಅವನು ಸೇರಿದ ವರ್ಷದ ಡಿಸೆಂಬರಿನಲ್ಲಿ ಗ್ರೇಸನನ ಆಯ್ಕೆಗಳ ಲೆಕ್ಕ ತೆಗೆದವರು, ಒಂಬತ್ತು ಪಂದ್ಯ, ಒಂದು ಗೆಲುವು ಎಂದು ಬರೆದು ಪುಸ್ತಕವನ್ನು ಮುಚ್ಚಿದ್ದರು. ಫಲವು ಆ ಪುಸ್ತಕಕ್ಕೆ ಸೇರಲೇ ಇಲ್ಲ.

ಗಿಡಗಳ ವಿಷಯದಲ್ಲಿ ಬೆಟ್ಟದವರು ಇನ್ನೊಂದು ಭೇದವನ್ನೂ ಬಲ್ಲರು. ಅರೇಬಿಕಾ ಗಿಡವು ತನ್ನ ಪರಾಗದಿಂದಲೇ ಕಾಯಿ ಕಟ್ಟುವುದು. ರೊಬಸ್ಟಾಗೆ ಪರಾಗವು ಬೇರೊಂದು ಗಿಡದಿಂದ ಬರಬೇಕು. ಒಂಟಿಯಾಗಿ ನೆಟ್ಟ ರೊಬಸ್ಟಾವನ್ನು ಬಂಜೆಯೆಂದು ಹಳಿಯುವುದು ನೆಟ್ಟವನ ಅಜ್ಞಾನವೇ ಹೊರತು ಗಿಡದ ದೋಷವಲ್ಲ. ಆಟಗಾರರಲ್ಲಿಯೂ ಎರಡು ಜಾತಿಯವರು ಉಂಟು. ಎಲ್ಲಿ ಇಟ್ಟರೂ ಫಲಿಸುವ ಛೇತ್ರಿಯಂತಹವರು ವಿರಳ. ಅವನು ನಲವತ್ತನೆಯ ವಯಸ್ಸಿನಲ್ಲಿಯೂ, 2024-25ರ ಋತುವಿನಲ್ಲಿ, 14 ಗೋಲುಗಳನ್ನು ಹೊಡೆದನು. ಉಳಿದ ಬಹುಮಂದಿಗೆ ತಕ್ಕ ಜೊತೆಗಾರರೂ, ತಕ್ಕ ನೆರಳೂ ಬೇಕು. ಯೋಗ್ಯತೆಯಿಲ್ಲದವನು ಲೋಕದಲ್ಲಿ ಇಲ್ಲ, ಕೂಡಿಸಬಲ್ಲ ಯೋಜಕನೇ ದುರ್ಲಭನೆಂದು ನಮ್ಮ ಹಿರಿಯರು ಕಂಡುಕೊಂಡ ತತ್ತ್ವವು ಇದೇ.

ಆದುದರಿಂದ, ಬೆಟ್ಟದ ಜನರಿಂದ ನಾನು ಕಲಿತ ಪರೀಕ್ಷೆಯ ಕ್ರಮವು ಹೀಗಿದೆ. ಒಬ್ಬ ಮ್ಯಾನೇಜರನು ಕರೆತಂದವರ ಯೋಗ್ಯತೆಯನ್ನು ತಿಳಿಯಲು ಮೂರು ಕೊಯ್ಲುಗಳಾದರೂ ಬೇಕು. ಅಷ್ಟರಲ್ಲಿ ಅವನೇ ಇಲ್ಲದಿರಬಹುದು, ಹೊಗಳಿಕೆಯು ಬೇರೊಬ್ಬನಿಗೆ ಸಲ್ಲಬಹುದು. ಅವನ ಸ್ವಭಾವವನ್ನು ತಿಳಿಯಲು ಅಷ್ಟು ಕಾಲ ಬೇಡ. ಒಂದು ಸೋಲಿನ ರಾತ್ರಿ ಸಾಕು. ಗೆದ್ದ ದಿನ ಎಲ್ಲರ ನಾಲಗೆಯೂ ಮಧುರವಾಗಿರುವುದು. ಸೋತ ದಿನ ತನ್ನವರ ಮೇಲೆ ಕೂಗದವನನ್ನೂ, ತಕ್ಕಡಿಯನ್ನು ಎದುರಿಗೆ ಇಡುವವನನ್ನೂ ಗುರುತಿಸಿ ಇರಿಸಿಕೊಳ್ಳುವುದು ಜಾಣತನ. ಇದು ಮನೆಯನ್ನು ನಡೆಸುವವರಿಗೂ, ಪಾಠಶಾಲೆಯನ್ನು ನಡೆಸುವವರಿಗೂ ಸಲ್ಲುವ ಮಾತೇ ಆಗಿರುವುದರಿಂದ ಗೃಹಸ್ಥರ ಈ ಪತ್ರಿಕೆಯಲ್ಲಿ ಬರೆಯುವ ಧೈರ್ಯವನ್ನು ಮಾಡಿರುವೆನು.

ಮಲೆನಾಡಿಗೆ ಹೋಗುವ ವಾಚಕರು ಚೈತ್ರದಲ್ಲಿಯೇ ಹೋಗಬೇಕೆಂದು ನನ್ನ ಬಿನ್ನಹ. ಹೂಮಳೆ ಬಿದ್ದ ಒಂಬತ್ತು ಹತ್ತು ದಿನಗಳಿಗೆ ಬೆಟ್ಟಗಳೆಲ್ಲ ಬೆಳ್ಳಗಾಗುವುವು. ಎರಡು ಮೂರು ದಿನಗಳಲ್ಲಿ ಆ ಬಿಳುಪು ಕಂದಾಗಿ ಉದುರುವುದು. ನೋಡಲು ಬಂದವರು ಮರಳಿ ಹೋಗುವರು. ತೋಟದವರು ಮಾತ್ರ ಆಕಾಶವನ್ನು ನೋಡುತ್ತ, ಹೂವು ಕಾಯಿಗೆ ತಿರುಗಲು ಬೇಕಾದ ಎರಡನೆಯ ಮಳೆಗಾಗಿ ಕಾಯುತ್ತಿರುವರು.